ಗೌರಾಬಾಯಿಯ ಪೋಲಕದ ಅಳತೆ

ನರೋಣಾ ಊರಿಗೆ ಪೋಲಕ ಬರುವವರೆಗೆ ಹೆಂಗಸರ ಮೈಯಳತೆ ಯಾರಿಗೂ ಬೇಕಾಗಿರಲಿಲ್ಲ. ಕುಪ್ಪಸವೆಂದರೆ ಎದೆಯ ಕೆಳಗೆ ಒಂದು ಗಂಟು. ಬಿಗಿದು ಕಟ್ಟಿದರೆ ತೆಳ್ಳಗಿನವಳಿಗೂ ಸೈ, ಸಡಿಲ ಬಿಟ್ಟರೆ ಬಾಣಂತಿಗೂ ಸೈ. ಒಂದೇ ಕುಪ್ಪಸವನ್ನು ಅಕ್ಕತಂಗಿಯರು ಸರದಿಯಲ್ಲಿ ತೊಡುವುದೂ ಇತ್ತು. ಪೋಲಕಕ್ಕೆ ಗಂಟಿಲ್ಲ, ಗುಂಡಿ. ಗುಂಡಿಗೆ ದಾಕ್ಷಿಣ್ಯವಿಲ್ಲ.

ಆ ಹೊಸ ರವಿಕೆ ಬಂದದ್ದು ಸೊಲ್ಲಾಪುರದ ಕಡೆಯ ಸೊಸೆಯಂದಿರ ಪೆಟ್ಟಿಗೆಗಳಲ್ಲಿ. ಯುದ್ಧದ ದಿನಗಳು, ಅರಿವೆ ಕಂಟ್ರೋಲಿನಲ್ಲಿ ಅಷ್ಟಿಷ್ಟು ಸಿಗುತ್ತಿತ್ತು. ಸಿಗದ ಕಾಲದಲ್ಲೇ ಆಸೆ ಹೆಚ್ಚು. ಊರಿನಲ್ಲಿ ಪೋಲಕ ಹೊಲಿಯಬಲ್ಲವಳು ನಜಮುನ್ನಿಸಾ ಒಬ್ಬಳೇ. ಅವಳ ಗಂಡ ಅಬ್ದುಲ್ ಗನಿ ಆಳಂದದ ಬಜಾರಿನಲ್ಲಿ ದರ್ಜಿಯಾಗಿದ್ದ. ಅವನು ತೀರಿಕೊಂಡ ಮೇಲೆ ಅವನ ಮಷೀನನ್ನು ಬಂಡಿಯಲ್ಲಿ ಹೇರಿಕೊಂಡು ತವರಿಗೆ ಬಂದು ಕುಳಿತಿದ್ದಳು. ಗೋಷಾ ಬಿಟ್ಟು ಹೊರಗೆ ಬರುವ ಹೆಂಗಸಲ್ಲ. ಗೌಡರ ಮನೆಗಳ ಹೆಂಗಸರಾದರೋ ಅವಳ ಮನೆಗೆ ಹೋಗಿ ಮೈ ಅಳೆಸಿಕೊಳ್ಳುವವರಲ್ಲ. ನಡುವೆ ತಿರುಗಾಡಲು ಒಬ್ಬರು ಬೇಕಿತ್ತು. ಆ ಒಬ್ಬಳು ಅಮೃತ.

ಅಮೃತ ಊರ ಹೊರಗಿನ ಕೇರಿಯವಳು, ಹದಿನಾರು ತುಂಬಿದವಳು. ತಾಯಿ ಭಾಗಮ್ಮ ನಜಮುನ್ನಿಸಾಳ ಹಿತ್ತಲಿಗೆ ಸಗಣಿಯ ಕುಳ್ಳು ಹಾಕಲು ಹೋದಾಗ ಇವಳೂ ಬೆನ್ನು ಹತ್ತಿ ಹೋಗಿ, ಗೋಡೆಗೆ ಒರಗಿ ಮಷೀನಿನ ಸದ್ದು ಕೇಳುತ್ತ ನಿಲ್ಲುತ್ತಿದ್ದಳು. ತೀರಿಹೋದ ಅಪ್ಪ ಹುಲೆಪ್ಪ ಅಮಾವಾಸ್ಯೆಗೊಮ್ಮೆ ಏಕತಾರಿ ಹಿಡಿದು ಭಜನೆಗೆ ಕೂಡುತ್ತಿದ್ದವನು. ಅವನ ತೊಡೆಯ ಮೇಲೆ ಕುಳಿತು ಬೆಳೆದ ಹುಡುಗಿಗೆ ಒಮ್ಮೆ ಕೇಳಿದ ಪದ ಮರೆಯುತ್ತಿರಲಿಲ್ಲ. ಮಷೀನಿನ ಸದ್ದಿನಲ್ಲೂ ಅವಳಿಗೆ ತಾಳ ಕೇಳಿಸುತ್ತಿತ್ತು. ಇಲ್ಲಿ ಮಡಿಕೆ ಬಂತು, ಇಲ್ಲಿ ತಿರುವು, ಇಲ್ಲಿ ದಾರ ಹರಿಯಿತು.

"ಕಿವಿಲೆ ಎಷ್ಟ ದಿನ ಹೊಲೀತಿ ಬೇಟಿ? ಒಳಗ ಬಾ, ಕೈಲೆ ಹೊಲಿ," ಎಂದು ನಜಮುನ್ನಿಸಾ ಒಂದು ದಿನ ಕಿಟಕಿಯಿಂದ ಕರೆದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಅಮೃತಳ ಕಾಲು ಮಷೀನಿಗೆ ಒಗ್ಗಿತು. ಚಳಿಗಾಲಕ್ಕೆ ಗುಂಡಿ ತೂರುವ ಕಾಜ ಹೊಲಿಯಲು ಕಲಿತಳು. ಭಾಗಮ್ಮನಿಗೆ ಖುಷಿಗಿಂತ ಅಂಜಿಕೆ ಹೆಚ್ಚಾಯಿತು. ಗೌಡ ಕಲ್ಯಾಣಪ್ಪನ ದನದ ಕೊಟ್ಟಿಗೆಗೆ ಹೆಣ್ಣಾಳು ಬೇಕಾಗಿತ್ತು. ಯುಗಾದಿಗೆ ಆಳುಗಳ ವರ್ಷ ಮುಗಿದು ಹೊಸ ವರ್ಷಕ್ಕೆ ಮಾತು ಕೂಡುತ್ತದೆ. ಒಮ್ಮೆ ಹೂಂ ಎಂದರೆ ಮುಂದಿನ ಯುಗಾದಿಯವರೆಗೆ ನಸುಕಿನಿಂದ ಕತ್ತಲೆಯ ತನಕ ಸಗಣಿ, ಮೇವು, ಬೈಗುಳ. ಭಾಗಮ್ಮ ಆ ಕೊಟ್ಟಿಗೆಯಲ್ಲೇ ಮುಪ್ಪಾಗಿದ್ದಳು. ಅಲ್ಲಿ ಹೊಟ್ಟೆಗಂತೂ ಮೋಸವಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

"ಯುಗಾದಿ ತನಕ ಮಷೀನ ತುಳಿ," ಎಂದು ಮಗಳಿಗೆ ಹೇಳಿದಳು. "ನಾಕ ಮನಿಯವರು ಕರದು ಕೆಲಸ ಕೊಟ್ರ ನಿನ್ನ ಪುಣ್ಯ. ಇಲ್ಲಂದ್ರ ಪೀರಪ್ಪಗ ಹೂಂ ಅಂತೇನಿ." ಪೀರಪ್ಪನೆಂದರೆ ಗೌಡನ ಆಳುಗಳನ್ನು ನೋಡಿಕೊಳ್ಳುವವನು.

ಅಳತೆಯದೇ ತೊಡಕಾಗಿತ್ತು. ಅಮೃತ ಗೌಡರ ಓಣಿಯಲ್ಲಿ ಯಾರ ಹೊಸ್ತಿಲನ್ನೂ ದಾಟುವಂತಿರಲಿಲ್ಲ, ಯಾರನ್ನೂ ಮುಟ್ಟುವಂತಿರಲಿಲ್ಲ. ಅದಕ್ಕೆ ನಜಮುನ್ನಿಸಾ ನೂಲಿನ ಉಪಾಯ ಹೂಡಿದಳು. ಬಿಳಿ ನೂಲು ಎದೆಗೆ, ಕೆಂಪು ತೋಳಿಗೆ, ಕರಿಯದು ಬೆನ್ನಿಗೆ. ಅಮೃತ ಅವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ಅಂಗಳದಲ್ಲಿ ನಿಲ್ಲುವಳು. ಒಳಗಿನವರು ಒಯ್ದು ಮೈಗೆ ಸುತ್ತಿ, ಅಳತೆ ಮುಗಿದಲ್ಲಿ ಗಂಟು ಹಾಕಿ, ತಂದು ಕಟ್ಟೆಯ ಮೇಲಿಡುವರು. ಕೆಲವರು ಸಣ್ಣಗೆ ಕಾಣುವ ಆಸೆಯಿಂದ ಉಸಿರು ಬಿಗಿಹಿಡಿದು ಗಂಟು ಹಾಕಿದರು. ಆಮೇಲೆ ಗುಂಡಿ ಹರಿದಾಗ ಹೋಳಿಗೆಯ ಮೇಲೆ ತಪ್ಪು ಹೊರಿಸಿ ನಕ್ಕರು. ಹೀಗೆ ಒಂದೆರಡು ಮನೆಗಳಾದವು.

ಶಿವರಾತ್ರಿ ಕಳೆದ ಮೇಲೆ ಗೌಡನ ಮಗಳು ಗೌರಾಬಾಯಿಯ ಲಗ್ನ ಗೊತ್ತಾಯಿತು. ಕೆಂಪು ರೇಷ್ಮೆ ಬಂತು, ಅದರೊಡನೆ ಗಂಟು ಹಾಕಿದ ಮೂರು ನೂಲು. ಅಮೃತ ಊಟ ಮರೆತು ಹೊಲಿದಳು. ಇದೊಂದು ಚೆಂದಾಗಿ ಕೂತರೆ ಲಗ್ನಕ್ಕೆ ಬಂದ ಹೆಂಗಸರೆಲ್ಲ ನೋಡುತ್ತಾರೆ; ಯುಗಾದಿಯ ಮಾತು ತಾನಾಗಿ ಬಗೆಹರಿಯುತ್ತದೆ ಎಂದು ನಜಮುನ್ನಿಸಾಳೂ ಹೇಳಿದ್ದಳು.

ಪೋಲಕ ಕೊಟ್ಟ ಮರುದಿನವೇ ಗೌಡನ ಮನೆಯಿಂದ ಕರೆ ಬಂತು. ಅಂಗಳಕ್ಕೆ ಬಂದು ನಿಂತರೆ, ಗೌಡನ ಹೆಂಡತಿ ಸುಭದ್ರಾಬಾಯಿ ಕಟ್ಟೆಯ ಮೇಲೆ ರೇಷ್ಮೆಯನ್ನು ಹಿಡಿದು ನಿಂತಿದ್ದಳು. ಒಳಗೆ ಪಡಸಾಲೆಯಲ್ಲಿ ಅತ್ತೆ ನಿಂಬೆವ್ವ, ಗೌರಾಬಾಯಿಯ ಆಯಿ, ಎಂದಿನಂತೆ ಶರಣರ ಮಾತುಗಳನ್ನು ರಾಗವಾಗಿ ಅಂದುಕೊಳ್ಳುತ್ತಿದ್ದಳು. ಆ ದನಿ ಆ ಮನೆಗೆ ಗೋಡೆಯಷ್ಟೇ ಹಳೆಯದು.

"ಏನ್ ಬೇ ಇದು?" ಎಂದಳು ಸುಭದ್ರಾಬಾಯಿ. "ಗೌರಾಗ ಹೊಲದೀರೋ, ಆಕಿ ಗೊಂಬಿಗಿ ಹೊಲದೀರೋ? ಗುಂಡಿ ಒಂದು ಊರಾಗ, ಕಾಜ ಒಂದು ಊರಾಗ."

"ನೂಲಿನ ಪ್ರಕಾರನೇ ಹೊಲದೀವ್ರಿ ಅವ್ವಾರ."

"ಹಂಗಾರ ನೂಲು ಸುಳ್ಳ ಹೇಳ್ತೇನು? ಸೊಲ್ಲಾಪುರದ ರೇಷ್ಮಿ ಇದು. ಇನ್ನೊಂದು ಬೆರಳು ಬೇಕಂದ್ರೂ ಸಿಗಂಗಿಲ್ಲ. ಬೀಗರು ಬಂದು ಕುಂತಾಗ ನನ್ನ ಮಗಳು ಸೆರಗು ಬಿಗಿ ಹಿಡ್ಕೊಂಡು ನಿಲ್ಲಬೇಕೇನು? ಇವತ್ತಿಂದ ಈ ಓಣ್ಯಾಗ ಯಾರೂ ನಿನಗ ನೂಲು ಕೊಡದ್ಹಂಗ ನಾ ನೋಡ್ಕೋತೇನಿ. ಕೊಟ್ಟಿಗಿ ಖಾಲಿ ಅದ ಅಂತ ಪೀರಪ್ಪ ಹೇಳ್ತಿದ್ದ. ಹೋಗು. ಸಗಣಿಗಿ ಅಳತಿ ಬೇಕಾಗಿಲ್ಲ."

ಅಮೃತ ಸೆರಗಿನ ತುದಿ ಬಿಚ್ಚಿ ಮೂರು ನೂಲನ್ನು ತೆಗೆದು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. "ನೂಲು ಇಲ್ಲೇ ಅದಾವ್ರಿ. ನೀವೇ ಹಚ್ಚಿ ನೋಡ್ರಿ."

ಸುಭದ್ರಾಬಾಯಿ ಬಿಳಿ ನೂಲನ್ನು ಪೋಲಕದ ಎದೆಗೆ ಹಚ್ಚಿದಳು. ಗಂಟು ಸರಿಯಾಗಿ ಕಾಜದ ಮೇಲೆ ಬಂದು ನಿಂತಿತು. ಕೆಂಪು ನೂಲು ತೋಳಿಗೆ ಸರಿಹೋಯಿತು. ಕರಿಯದೂ ಅಷ್ಟೇ. ಅವಳು ಬಾಗಿಲ ಕಡೆ ತಿರುಗಿ, "ಗೌರಾ, ಈ ಗಂಟು ಹಾಕಿದವರು ಯಾರು?" ಎಂದು ಕೇಳಿದಳು.

"ಆಯಿ ಹಾಕ್ಯಾಳ," ಎಂದಳು ಬಾಗಿಲ ಮರೆಯಿಂದ ಗೌರಾಬಾಯಿ.

ಆಗ ಒಳಗಿನ ದನಿ ನಿಂತದ್ದು ಎಲ್ಲರಿಗೂ ಕೇಳಿಸಿತು. ನಿಂಬೆವ್ವ ಕೋಲು ಊರಿಕೊಂಡು ಹೊಸ್ತಿಲಿಗೆ ಬಂದಳು. "ಹೌದು, ನಾನೇ ಹಾಕೇನಿ. ಬೇಕಂತಲೇ ಮೂರು ಬೆರಳು ಕಡಿಮಿ ಹಾಕೇನಿ."

"ಯಾಕ್ರಿ ಅತ್ತಿ?"

"ಜೀವ ಇದ್ದವರ ಪೂರಾ ಅಳತಿ ನೂಲಿಗಿ ಕಟ್ಟಿ ಹೊರಗ ಕಳಸ್ತಾರೇನ? ಪೂರಾ ಅಳತಿ ತಗಿಯೋದು ಮಣ್ಣಿಗಿ ಇಡೂ ಮುಂದ. ಹಸಿ ಮೈ, ಲಗ್ನದ ಹುಡುಗಿ. ಆ ನೂಲು ನಾಳಿ ಯಾರ ಕಾಲಾಗ ಬೀಳ್ತದೋ, ಯಾರ ಒಲ್ಯಾಗ ಬೀಳ್ತದೋ. ಅದಕ್ಕ ಮೂರು ಬೆರಳು ಮನ್ಯಾಗೇ ಇಟಗೊಂಡೆ."

"ಮೂರು ಬೆರಳು ನೀವು ಮನ್ಯಾಗ ಇಟಗೊಂಡ್ರಿ, ಹುಡುಗಿ ಪೋಲಕದ ಹೊರಗ ಉಳದಳು," ಎಂದಳು ಸುಭದ್ರಾಬಾಯಿ. ಬಾಗಿಲ ಮರೆಯಲ್ಲಿ ಗೌರಾಬಾಯಿ ಕಿಸಕ್ಕನೆ ನಕ್ಕಳು.

ತಪ್ಪು ತನ್ನದಲ್ಲವೆಂದು ತಿಳಿದರೂ ಅಮೃತಳ ಕಣ್ಣು ರೇಷ್ಮೆಯ ಮೇಲೇ ಇತ್ತು. ಹಾಳಾದ ರೇಷ್ಮೆ ಹಾಳಾದ ರೇಷ್ಮೆಯೇ. "ಅವ್ವಾರ, ನಜಮುನ್ನಿಸಾ ಖಾಲಾ ಒಳಗ ಎರಡೂ ಮಗ್ಗಲಿಗಿ ಅರಿವಿ ಬಿಟ್ಟಾರ್ರಿ," ಎಂದಳು ಮೆಲ್ಲಗೆ. "ಬಿಚ್ಚಿ ಹಿಗ್ಗಸಬಹುದು. ಖರೇ ಅಳತಿ ಸಿಕ್ರ ಸಾಕ್ರಿ."

"ತಗೋ, ನಾನೇ ಕಟ್ಟಿ ಕೊಡ್ತೇನಿ," ಎಂದು ಸುಭದ್ರಾಬಾಯಿ ಬಿಳಿ ನೂಲನ್ನು ಎತ್ತಿದಳು.

ನಿಂಬೆವ್ವ ಕೋಲನ್ನು ಹೊಸ್ತಿಲಿಗೆ ಅಡ್ಡ ಹಿಡಿದಳು. "ನಾ ಇರೂ ತನಕ ಆ ನೂಲು ಹೊರಗ ಹೋಗಂಗಿಲ್ಲ."

ನಿಂಬೆವ್ವನ ಕಣ್ಣು ಅಮೃತಳ ಕೈಮೇಲೆ ಬಿತ್ತು. "ಏ ಹುಡುಗಿ, ಗೇಣು ಅಗಲ ಮಾಡು ನೋಡೋಣ."

ಅಮೃತ ಹೆಬ್ಬೆರಳು, ಕಿರುಬೆರಳು ಚಾಚಿ ಕೈ ತೋರಿಸಿದಳು.

"ಕೈಲೆ ಅಳತಿ ತಗೀಲಿಕ್ಕಿ ಬರ್ತದೇನು?"

"ಬರ್ತದ್ರಿ ದೊಡ್ಡವ್ವಾರ."

"ಹಂಗಾರ ಬಾ ಒಳಗ. ಕೈಯಾಗ ಅಳತಿ ಉಳ್ಯಂಗಿಲ್ಲ. ಮುಷ್ಟಿ ಮುಚ್ಚಿದ್ರ ಹೋತು."

"ಅತ್ತಿ, ಏನ ಹೇಳಾಕತ್ತೀರಿ?" ಸುಭದ್ರಾಬಾಯಿಯ ದನಿ ತಗ್ಗಿತು. "ಆಕಿ ಕೇರಿಯಾಕಿ. ಗೌರಾನ ಮೈ ಮುಟ್ಟಬೇಕಾಗ್ತದ."

"ಮುಟ್ಟಿದ್ದು ತೊಳದ್ರ ಹೋಗ್ತದ. ನೂಲಿಗಿ ಬಿದ್ದ ಗಂಟು ಯಾವ ನೀರಿಗಿ ಹೋಗ್ತದ?"

"ಆಯಿ, ದಿನಾ ಮುಂಜಾನಿ ನೀ ಹೇಳೋದೂ ಅದೇ ಅಲ್ಲೇನು?" ಎಂದಳು ಗೌರಾಬಾಯಿ ಒಳಗಿನಿಂದ. "ಮ್ಯಾಲಿನವರಿಲ್ಲ, ಕೆಳಗಿನವರಿಲ್ಲ ಅಂತ?"

"ನೀ ಸುಮ್ಮನಿರು. ಅದು ಪೂಜಿ ಮಾತು, ಇದು ಪೋಲಕದ ಮಾತು," ಎಂದಳು ನಿಂಬೆವ್ವ. ಆದರೆ ಕೋಲನ್ನು ಹೊಸ್ತಿಲಿನಿಂದ ತೆಗೆದಳು.

ಅಮೃತ ಅಂಗಳದ ನೀರಿನಿಂದ ಕಾಲು ತೊಳೆದುಕೊಂಡು ಹೊಸ್ತಿಲು ದಾಟಿದಳು. ಒಳಗಿನ ನೆಲ ತಣ್ಣಗಿತ್ತು. ಗೌರಾಬಾಯಿ ಗೋಡೆಗೆ ಮುಖ ಮಾಡಿ ನಿಂತಳು. ಅಮೃತ ಬೆನ್ನ ನಡುವಿನಿಂದ ಗೇಣು ಇಡುತ್ತ ಬಂದಾಗ ಕಚಗುಳಿಯಾಗಿ ಗೌರಾಬಾಯಿ ಒಂದೇ ಸಮನೆ ನಗುತ್ತಿದ್ದಳು.

"ನಗಬ್ಯಾಡ್ರಿ ಅಕ್ಕಾ. ನಕ್ಕಾಗ ಒಂದು ಅಳತಿ, ಸುಮ್ಮನಿದ್ದಾಗ ಒಂದು ಅಳತಿ ಆಗ್ತದ."

"ಲಗ್ನದಾಗ ನಾ ನಗಬಾರದೇನು? ನಕ್ಕಾಗಿನ ಅಳತೀನೇ ತಗೋ."

"ಎಣಿಕಿ ಬಾಯಿಲೆ ಅನಬ್ಯಾಡ," ಎಂದು ನಿಂಬೆವ್ವ ಎಚ್ಚರಿಸಿದಳು. "ಹೊಲದ ಮ್ಯಾಲ ಮರೀಬೇಕು."

"ಮರೀತೇನ್ರಿ."

ಪೋಲಕವನ್ನು ಎತ್ತಿಕೊಂಡು ಹೊರಗೆ ಬಂದಾಗ ಅವಳಿಗಿದ್ದ ಒಂದೇ ಭಯ ನಜಮುನ್ನಿಸಾಳ ಮನೆ ಮುಟ್ಟುವ ಮೊದಲೇ ಮರೆತುಬಿಟ್ಟರೆ ಎಂಬುದು. ಎದೆ, ತೋಳು, ಬೆನ್ನು, ಪ್ರತಿಯೊಂದಕ್ಕೂ ಇಷ್ಟು ಗೇಣು, ಮೇಲೆ ಇಷ್ಟು ಬೆರಳು. ಅಪ್ಪ ಹೇಳುತ್ತಿದ್ದ ಒಂದು ಪದದ ಧಾಟಿಗೆ ಅಳತೆಯನ್ನೆಲ್ಲ ಹೊಂದಿಸಿ, ಪಲ್ಲವಿಗೆ ಎದೆ, ನುಡಿಗೆ ತೋಳು ಎಂದು ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ನಡೆದಳು. ಓಣಿಯ ತಿರುವಿನಲ್ಲಿ ಭಾಗಮ್ಮ ಎದುರಾದಳು. ಗೌಡನ ಮನೆಯಿಂದ ಕರೆ ಬಂದದ್ದು ಅವಳ ಕಿವಿಗೂ ಬಿದ್ದಿತ್ತು.

"ಏನಾತು ಬೇ? ಬೈದ್ರೇನು?"

ಅಮೃತ ಬಾಯಿ ತೆರೆಯಲಿಲ್ಲ. ಕೈಯೆತ್ತಿ ಸುಮ್ಮನಿರು ಎಂಬಂತೆ ಸನ್ನೆ ಮಾಡಿ ಮುಂದೆ ಹೋದಳು. ಮಗಳ ತುಟಿ ಅಲುಗುವುದನ್ನು ಕಂಡು, ಅಳು ನುಂಗುತ್ತಿದ್ದಾಳೆಂದು ಭಾಗಮ್ಮ ತಿಳಿದಳು. ಅಲ್ಲೇ ಗೋಡೆಯ ಬುಡದಲ್ಲಿ ಕುಳಿತು, ಕೊಟ್ಟಿಗೆಗೆ ಹೋಗುವ ಹುಡುಗಿಗೆ ಹಳೆಯ ಸೀರೆ ಯಾವುದಿದೆ ಎಂದು ಯೋಚಿಸತೊಡಗಿದಳು.

ನಜಮುನ್ನಿಸಾ ಎಲ್ಲವನ್ನೂ ಕೇಳಿ ಹೊಟ್ಟೆ ಹಿಡಿದು ನಕ್ಕಳು. "ಯಾ ಅಲ್ಲಾ, ಆ ಮುದಿಕಿ ಮೂರು ಬೆರಳು ಕದ್ದಿಟ್ಟಾಳ ಅಂತ ನನಗ್ಹ್ಯಾಂಗ ಗೊತ್ತಾಗಬೇಕು? ಇಡು ಬೇಟಿ, ಕೈ ಇಡು." ಅಮೃತ ಬಿಚ್ಚಿದ ರೇಷ್ಮೆಯ ಮೇಲೆ ಗೇಣು ಇಟ್ಟಳು, ನಜಮುನ್ನಿಸಾ ಬೆರಳ ತುದಿಗೆ ಸುಣ್ಣದ ಗೆರೆ ಎಳೆದಳು. ಒಳಗೆ ಬಿಟ್ಟ ಅರಿವೆ ಎದೆಗೂ ಬೆನ್ನಿಗೂ ಸಾಕಾಯಿತು. ತೋಳಿಗೆ ಕಡಿಮೆ ಬಿದ್ದಲ್ಲಿ ಕುಪ್ಪಸಕ್ಕೆ ಇಡುವಂತೆ ಕತ್ತರಿಸಿ ಉಳಿದ ರೇಷ್ಮೆಯ ಒಂದು ತುಂಡನ್ನು ಕಂಕುಳಿಗೆ ಇಟ್ಟರು. ಮಷೀನಿನ ತಾಳ ಒಮ್ಮೆಯೂ ತಪ್ಪಲಿಲ್ಲ.

ಮರುದಿನ ಅಮೃತ ಮತ್ತೆ ಅಂಗಳದಲ್ಲಿ ನಿಂತಳು. ಪೋಲಕ ಒಳಗೆ ಹೋಯಿತು. ಒಳಗೆ ನಿಂಬೆವ್ವನ ದನಿ ನಡೆದೇ ಇತ್ತು. ಆ ಸಾಲು ಮುಗಿಯುವ ಮೊದಲೇ ಗೌರಾಬಾಯಿ ಹೊಸ್ತಿಲಿಗೆ ಬಂದಳು. ಗುಂಡಿಯೆಲ್ಲ ಕಾಜದಲ್ಲಿದ್ದವು. ಎರಡೂ ಕೈ ಮೇಲೆತ್ತಿ, ಇಳಿಸಿ, ಬೇಕೆಂದೇ ದೊಡ್ಡದಾಗಿ ನಕ್ಕು ತೋರಿಸಿದಳು. ಒಂದೂ ಹರಿಯಲಿಲ್ಲ. ಸುಭದ್ರಾಬಾಯಿ ಮಗಳನ್ನು ಒಂದು ಸುತ್ತು ತಿರುಗಿಸಿ ನೋಡಿ, "ಛಂದ ಅದ," ಎಂದಷ್ಟೇ ಹೇಳಿದಳು. ಅಮೃತ ಕಟ್ಟೆಯ ಅಂಚಿಗೆ ಕೈಯೂರಿದಳು. ಯಾರೂ ಕೈ ತೆಗೆ ಎನ್ನಲಿಲ್ಲ.

"ಮರತಿ?" ಎಂದು ನಿಂಬೆವ್ವ ಒಳಗಿನಿಂದ ಕೇಳಿದಳು.

"ಮರತೇನ್ರಿ ದೊಡ್ಡವ್ವಾರ." ಅಪ್ಪನ ಪದದ ಧಾಟಿಯಲ್ಲಿ ಎದೆಯ ಅಳತೆ ಇನ್ನೂ ತಲೆಯಲ್ಲಿ ಸುತ್ತುತ್ತಿತ್ತು.

ಲಗ್ನದ ಮನೆಯಲ್ಲಿ ನಿಂಬೆವ್ವ ಬಂದವರಿಗೆಲ್ಲ ನೂಲಿನ ಸಂಗತಿ ಹೇಳಿದಳು. ಮೊದಲೇ ನೂಲು ಕೊಟ್ಟಿದ್ದ ಹೆಂಗಸರು ಗಾಬರಿಯಾಗಿ ತಮ್ಮ ತಮ್ಮ ನೂಲನ್ನು ತಿರುಗಿ ಕೇಳಿದರು. ಅಮೃತ ಒಂದೊಂದನ್ನೂ ಗುರುತು ಹಿಡಿದು ತಂದುಕೊಟ್ಟಳು. ಆಮೇಲೆ ಕರೆ ಬರತೊಡಗಿತು. "ನೂಲು ಬ್ಯಾಡ ಬೇ, ಒಳಗ ಬಂದು ಕೈಲೆ ತಗೋ." ಒಂದು ಮನೆಯಾಯಿತು, ಅದರ ಪಕ್ಕದ್ದಾಯಿತು. ಕಿಣ್ಣಿ ಸುಲ್ತಾನ ಎಂಬ ಊರಿನ ಬೀಗರ ಮನೆಯಿಂದಲೂ ಬಂಡಿ ಬಂತು. ಕೆಲವು ಮನೆಗಳಲ್ಲಿ ಅವಳು ಹೊರಗೆ ಕಾಲಿಡುತ್ತಲೇ ಬಚ್ಚಲಲ್ಲಿ ತಂಬಿಗೆಯ ಸದ್ದಾಗುತ್ತಿತ್ತು. ಅವಳ ಕಿವಿ ಸೂಕ್ಷ್ಮ, ಕೇಳಿಸದೆ ಇರುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಆ ಸದ್ದು ಆಗುತ್ತಿರಲಿಲ್ಲ. ಅದೂ ಅವಳಿಗೆ ಕೇಳಿಸುತ್ತಿತ್ತು.

ಯುಗಾದಿಯ ದಿನ ಬೇವು ತಿಂದ ಬಾಯಿ ಇನ್ನೂ ಕಹಿಯಿರುವಾಗಲೇ ಪೀರಪ್ಪ ಕೇರಿಯ ಬಾಯಿಗೆ ಬಂದು ನಿಂತ. "ಭಾಗಮ್ಮಾ, ಏನ ಹೇಳ್ತಿ? ಕೊಟ್ಟಿಗಿಗಿ ಹುಡುಗಿ ಬರ್ತಾಳೋ ಇಲ್ಲೋ?"

ಭಾಗಮ್ಮ ಒಮ್ಮೆ ಗುಡಿಸಲಿನ ಕಡೆ ನೋಡಿದಳು. ಅಮೃತ ನೆರಳಿನಲ್ಲಿ ಕುಳಿತು ಯಾರದೋ ಪೋಲಕಕ್ಕೆ ಗುಂಡಿ ಹಚ್ಚುತ್ತಿದ್ದಳು.

"ಇಲ್ರಿ," ಎಂದಳು ಭಾಗಮ್ಮ. ಗೌಡನ ಮನೆಯ ಮಾತಿಗೆ ಆ ಉತ್ತರ ಕೊಟ್ಟು ಅವಳಿಗೆ ರೂಢಿಯಿರಲಿಲ್ಲ. ಅದಕ್ಕೆ ಇನ್ನೊಮ್ಮೆ ಹೇಳಿದಳು. "ಇಲ್ರಿ. ಆಕಿ ಕೈ ಖಾಲಿ ಇಲ್ಲ."

ಪೀರಪ್ಪ ತಲೆ ಕೆರೆದುಕೊಂಡ. ಹೋಗಲು ತಿರುಗಿದವನು ಮತ್ತೆ ನಿಂತ. "ಅದು ಗೊತ್ತದ. ನನ್ನ ಹೆಣ್ತೀದೂ ಒಂದು ಪೋಲಕ ಅಲ್ಲೇ ಕುಂತದ. ಯಾವಾಗ ಆಗ್ತದ, ಒಂದೀಟು ಕೇಳಿ ಹೇಳು."

ಅವನು ಹೋದ ಮೇಲೆ ಭಾಗಮ್ಮ ಗೋಡೆಗೆ ಒರಗಿ ಕುಳಿತಳು.

"ಯವ್ವಾ, ಯಾರ ಬಂದಿದ್ರು?" ಎಂದು ಅಮೃತ ತಲೆಯೆತ್ತದೆ ಕೇಳಿದಳು.

"ಗಿರಾಕಿ," ಎಂದಳು ಭಾಗಮ್ಮ.