ಸೊಸೆ ಬಾಯಾಗೆ ನನ್ನ ಮಾತು

ನಾನು ಏಕಾಂತಮ್ಮ, ಮಾಡದಕೆರೆಯೋಳು. ನಮ್ಮೂರ ಹೆಣ್ಮಕ್ಕಳೆಲ್ಲ ಸೇರಿ ನಡೆಸೋ ಸಾವೆ ಮಿಲ್ ಐತಲ್ಲ, ಅದಕ್ಕೆ ನಾನೇ ಅಧ್ಯಕ್ಷೆ. ಬರೀ ಫೋಟೋಕ್ಕೆ ನಿಲ್ಲೋ ಅಧ್ಯಕ್ಷೆ ಅಲ್ಲ ಮತ್ತೆ. ರೈತರತ್ರ ಸಾವೆ ಕೊಳ್ಳೋದು, ಮಿಷನ್ನಿಗೆ ಹಾಕಿಸಿ ಅಕ್ಕಿ ಮಾಡ್ಸೋದು, ಚೀಲ ಹೊಲಿಸಿ ಲಾರಿ ಹತ್ತಿಸೋದು, ಎಲ್ಲದಕ್ಕೂ ನಂದೇ ಬಾಯಿ. ಏಕಾಂತಮ್ಮನ ಬಾಯಿ ಜೋರು ಅಂತ ಊರೆಲ್ಲ ಅಂತಾರೆ. ಅನ್ಲಿ ಬಿಡ್ರಿ. ಈ ಬಾಯಿ ಇಲ್ದಿದ್ರೆ ಮಿಲ್ ಯಾವತ್ತೋ ಮುಚ್ಚಿರೋದು.

ಹೋದ ವರ್ಷ ಸಾವೆ ಕೊಯ್ಲಿಗೆ ಸ್ವಲ್ಪ ಮುಂಚೆ ಪುಣೆಯ ಒಂದು ಕಂಪನಿಯಿಂದ ಫೋನ್ ಬಂತು. ವರ್ಷಪೂರ್ತಿ ಸಾವೆ ಅಕ್ಕಿ ಬೇಕು, ನಮ್ಮ ಗಾರ್ಗಿ ಮೇಡಮ್ ಬಂದು ಮಿಲ್ ನೋಡ್ತಾರೆ ಅಂದ್ರು. ಇನ್ನೊಂದು ದೊಡ್ಡ ಮಿಲ್ಲನ್ನೂ ನೋಡಿದಾರಂತೆ, ಇಬ್ಬರಲ್ಲಿ ಒಬ್ಬರಿಗೆ ಆರ್ಡರ್. ನಮಗೆ ಸಿಕ್ಕಿದ್ರೆ ಮಿಷನ್ ವರ್ಷವೆಲ್ಲ ಓಡ್ತದೆ. ಸಿಗಲಿಲ್ಲ ಅಂದ್ರೆ ಸುಗ್ಗಿ ಮುಗೀತಿದ್ದಂಗೆ ಬಾಗಿಲಿಗೆ ಬೀಗ, ನಮ್ಮ ಹೆಣ್ಮಕ್ಕಳು ಮತ್ತೆ ಕೋಳಿ ಕೂಗೋ ಹೊತ್ತಿಗೆದ್ದು ಟೆಂಪೋ ಹತ್ತಿ ಕಂಡೋರ ತೋಟಕ್ಕೆ ಕೂಲಿ ಹೋಗ್ಬೇಕು. ಅದನ್ನ ನೋಡೋಕೆ ನನ್ನ ಕೈಲಾಗ್ತಿರ್ಲಿಲ್ಲ.

ತೊಂದರೆ ಏನಪ್ಪ ಅಂದ್ರೆ ಆ ಮೇಡಮ್‌ಗೆ ಕನ್ನಡ ಬರಲ್ಲ, ನಂಗೆ ಹಿಂದಿ ಟಿವಿಯಾಗೂ ಅರ್ಥ ಆಗಲ್ಲ. ನನ್ನ ಸೊಸೆ ಸುಷ್ಮಿತಾ ಹೊಸದುರ್ಗದ ಹೈಸ್ಕೂಲಿನಾಗೆ ಇಂಗ್ಲಿಷ್ ಟೀಚರು, ಹಿರೇಗುಂಟನೂರಿನ ಹುಡುಗಿ. "ನಾನು ಮಾತಾಡ್ತೀನಿ ಅತ್ತೆ" ಅಂದ್ಲು. ನಾನೆಲ್ಲಿ ಬಿಡ್ಲಿ? ವ್ಯಾಪಾರದ ಮಾತನ್ನ ಇನ್ನೊಬ್ಬರ ಬಾಯಿಗೆ ಕೊಟ್ಟು ಕುಂತ್ಕಳೋ ಪೈಕಿ ಅಲ್ಲ ನಾನು. "ನಂಗೇ ಕಲಿಸು" ಅಂದೆ.

ಸರಿ, ಸಂಜೆ ಹಜಾರದಾಗೆ ಅಲಸಂದೆಕಾಯಿ ಬಿಡಿಸ್ತಾ ಪಾಠ ಶುರುವಾಯ್ತು.

"ಅತ್ತೆ, ಹೇಳ್ರಿ. ಯು ಕ್ಯಾನ್ ಡಿಪೆಂಡ್ ಆನ್ ಅಸ್. ಯು ಕ್ಯಾನ್ ರಿಲೈ ಆನ್ ಅಸ್. ಯು ಕ್ಯಾನ್ ಕೌಂಟ್ ಆನ್ ಅಸ್. ಟ್ರಸ್ಟ್ ಅಸ್."

"ಇಷ್ಟಕ್ಕೂ ಏನರ್ಥ?"

"ನಮ್ಮನ್ನ ನಂಬ್ರಿ ಅಂತ."

"ಅಯ್ಯೋ ಶಿವನೇ, ಅಷ್ಟಕ್ಕೆ ಇಷ್ಟೊಂದಾ?"

ಅವಳು ನಕ್ಕಳು. ಟೀಚರಲ್ವಾ, ಬಿಡಿಸಿ ಹೇಳಿದ್ಲು. ಡಿಪೆಂಡ್ ಅಂದ್ರೆ ನೀನಿಲ್ದೆ ನಂಗೆ ನಡಿಯಲ್ಲ ಅಂತ. ರಿಲೈ ಅಂದ್ರೆ ನಿನ್ನ ನೋಡಿದೀನಿ, ನೀನು ಕೈ ಕೊಡಲ್ಲ ಅಂತ ಗೊತ್ತು ಅಂತ. ಕೌಂಟ್ ಅಂದ್ರೆ ಬರೋರ ಲೆಕ್ಕದಾಗೆ ನಿನ್ನನ್ನೂ ಹಿಡಿದಿದೀನಿ ಅಂತ. ಟ್ರಸ್ಟು ಮನಸಿಗೆ ಸೇರಿದ್ದು. ಮೊದಲಿನ ಮೂರು ಮಾತಿನಾಗೂ ಬರ್ತದಲ್ಲ ಆ 'ಆನ್', ಅದೇನು ಅಂದ್ರೆ, 'ಮೇಲೆ' ಅಂತಂತೆ. ಓಹೋ, ಇಂಗ್ಲಿಷಿನೋರೂ ನಮ್ಮಂಗೇ ಇನ್ನೊಬ್ಬರ ಮೇಲೆ ಭಾರ ಹಾಕೋರೇ ಅಂತ ನಂಗೆ ಸಮಾಧಾನ ಆಯ್ತು.

ಆದ್ರೆ ಒಂದು ಮಾತು ಗಂಟಲಾಗೆ ಇಳೀಲಿಲ್ಲ. "ನಮ್ಮ ಕಡೆ ಇದನ್ನ ಯಾರೇ ಮುಖಕ್ಕೆ ಹೇಳ್ತಾರೆ? 'ನನ್ನ ನಂಬು' ಅಂತ ಯಾವನಾದ್ರೂ ಅಂದ್ರೆ ನಾನು ಸೊಂಟದ ಚೀಲ ಮುಟ್ಟಿ ನೋಡ್ಕಂತೀನಿ. ನಮ್ಮ ಮಿಲ್ಲಿನ ಕೊಟ್ರಮ್ಮ ನಾಳೆ ಹೊಲಕ್ಕೆ ಬಾರೆ ಅಂತಾಳೆ, 'ಬರ್ತೀನಿ ಬಿಡು' ಅಂತೀನಿ. ಮುಗೀತು. ಆ 'ಬಿಡು' ಅಂದ ಮೇಲೆ ಸತ್ರೂ ಹೋಗ್ಬೇಕು."

"ಕೊಟ್ರಕ್ಕ ನಿಮ್ಮ ಮುಖ ನೋಡ್ತಾರೆ ಅತ್ತೆ. ಆ ಮೇಡಮ್ ಪುಣೆಯಾಗೆ ಕುಂತಿರ್ತಾರೆ. ಮುಖ ಕಾಣ್ದೋರಿಗೆ ಬಾಯಿಬಿಟ್ಟು ಹೇಳ್ಬೇಕು." ಆಮೇಲೆ ಅಲಸಂದೆಕಾಯಿ ಬಿಡಿಸ್ತಾನೇ ಕೇಳಿದ್ಲು, "ನೀವು ಯಾರ ಮೇಲೆ ಡಿಪೆಂಡ್ ಆಗಿದೀರಿ ಅತ್ತೆ?"

"ನಾನಾ? ಯಾರ ಮೇಲೂ ಇಲ್ಲ." ಜಂಬದಿಂದಲೇ ಅಂದೆ. ಅವಳು ಸಿಪ್ಪೆ ಬಾಚ್ಕಂಡು ಎದ್ದು ಒಳಗೆ ಹೋದ್ಲು. ಯಾಕೆ ಎದ್ದು ಹೋದ್ಲು ಅಂತ ನಾನು ಯೋಚನೆನೂ ಮಾಡ್ಲಿಲ್ಲ.

ಮೇಡಮ್ ಬರೋ ದಿನ ಮಿಲ್ಲು ಗುಡಿಸಿ ಸಾರಿಸಿ ಬಾಗಿಲಿಗೆ ರಂಗೋಲಿ ಹಾಕಿದ್ವಿ. ಹೆಣ್ಮಕ್ಕಳೆಲ್ಲ ಇದ್ದದ್ದರಾಗೆ ಒಳ್ಳೆ ಸೀರೆ ಉಟ್ಕಂಡು ಬಂದಿದ್ರು. ಅಷ್ಟರಾಗೆ ಮೂಡಲ ಕಡೆಯಿಂದ ಕಪ್ಪು ಮೋಡ ಎದ್ದೇ ಬಿಡ್ತು. ಕೊಟ್ರಮ್ಮನ ಸಾವೆ ಕೊಯ್ದು ಹೊಲದಾಗೇ ಬಿದ್ದಿತ್ತು. ಕೊಯ್ದ ಸಾವೆ ನೆಂದ್ರೆ ಕಾಳು ಕಪ್ಪಾಗ್ತದೆ, ಮೊಳಕೆ ಬರ್ತದೆ, ದನ ಕೂಡ ಮೂಸಲ್ಲ.

ನಮ್ಮಲ್ಲಿ ಮುಯ್ಯಿ ಅಂತ ಐತೆ. ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಕೂಲಿ ಇಲ್ಲ, ಬರೆದಿಡೋದಿಲ್ಲ. ಹೊಲದಾಗೆ ಬೆಳೆ ಬಿದ್ದಿರುವಾಗ ಮೋಡ ಎದ್ರೆ ಕರೆಯೋದೂ ಬೇಕಿಲ್ಲ, ಮುಯ್ಯಾಳುಗಳೆಲ್ಲ ಹೊರಟು ಬಿಡಬೇಕು.

ಅವತ್ತು ಮಾತ್ರ ಯಾರೂ ಕದಲಲಿಲ್ಲ. ಎಲ್ಲರೂ ನನ್ನ ಮುಖ ನೋಡಿದ್ರು. ಕೊಟ್ರಮ್ಮ, "ಮೇಡಮ್ ಬರೋ ಹೊತ್ತು, ನೆಂದ್ರೆ ನೆನೀಲಿ ಬಿಡ್ರಿ" ಅಂದ್ಲು. ಹಂಗಂತಾನೇ ಸೆರಗಿನಾಗೆ ಮೂಗು ಒರೆಸ್ಕಂಡ್ಲು. ನಂಗೆ ತಡೀಲಿಲ್ಲ. "ಏನ್ ನಿಂತ್ಕಂಡು ನೋಡ್ತೀರೇ? ಹೊರಡ್ರೆ! ಮೇಡಮ್‌ನ ನಾನು ನೋಡ್ಕಂತೀನಿ" ಅಂತ ಗದರಿದೆ. ಒಳ್ಳೆ ಸೀರೆನೇ ಎತ್ತಿ ಕಟ್ಕಂಡು ಎಲ್ಲರೂ ಓಡಿದ್ರು.

ಸುಷ್ಮಿತಾ ಸ್ಕೂಲಿಗೆ ರಜ ಹಾಕಿ ಬರೋ ಹೊತ್ತಿಗೆ ಮಿಲ್ಲಿನಾಗೆ ಮಿಷನ್ನು, ಚೀಲ, ನಾನು. ಅಷ್ಟೇ.

"ಅತ್ತೆ! ಏನ್ ಮಾಡಿದ್ರಿ! ಖಾಲಿ ಮಿಲ್ ತೋರಿಸಿ ಆರ್ಡರ್ ಕೇಳಾಣ ಅಂತೀರಾ?" ಅವಳ ಕಣ್ಣಾಗೆ ನೀರೇ ಬಂತು. "ಊಟಕ್ಕೆ ಹೋಗಿದಾರೆ ಅಂತ ಹೇಳಾಣ."

"ಸುಳ್ಳು ಬ್ಯಾಡ."

"ಸಣ್ಣ ಸುಳ್ಳು ಅತ್ತೆ."

"ಬ್ಯಾಡ ಅಂದ್ನಲ್ಲ!"

ಮುಖ ಊದಿಸ್ಕಂಡು ನಿಂತ್ಲು. ಅಷ್ಟರಾಗೆ ಕಾರು ಬಂತು. ಗಾರ್ಗಿ ಮೇಡಮ್ ಮೂವತ್ತೈದರ ಆಸುಪಾಸಿನ ಹೆಣ್ಮಗಳು, ಕಾಲಿಗೆ ಬಿಳಿ ಬೂಟು. ಒಳಗೆ ಬಂದು ಸುತ್ತ ನೋಡಿ, ಎಲ್ಲಿ ನಿಮ್ಮೋರು ಅಂತ ಇಂಗ್ಲಿಷಿನಾಗೆ ಕೇಳಿದ್ರು. ಸುಷ್ಮಿತಾ ಬಾಯಿ ತೆರೆಯೋಕೆ ಮುಂಚೆ ನಾನೇ ಅಂದೆ, "ಆಲ್ ಲೇಡೀಸ್ ಫೀಲ್ಡ್. ರೈನ್ ಕಮಿಂಗ್. ಕಮ್, ಕಮ್." ಕಾರಿನ ಬಾಗಿಲು ತೆಗೆದು ನಾನೇ ಮುಂದಿನ ಸೀಟಿನಾಗೆ ಕುಂತೆ. ಡ್ರೈವರ್ ನಕ್ಕ.

ಹೊಲಕ್ಕೆ ಹೋದ್ರೆ ಹೆಣ್ಮಕ್ಕಳು ಇರುವೆ ಸಾಲಿನಂಗೆ ಸಾವೆ ಕಟ್ಟು ಹೊತ್ತು ತಂದು ಬಣವೆ ಒಟ್ತಿದ್ರು. ಗಾಳಿ ಬೀಸ್ತಿತ್ತು. ಮೇಡಮ್ ಬದುವಿನ ಮೇಲೆ ನಿಂತು ಸುಮಾರು ಹೊತ್ತು ನೋಡಿದ್ರು. ಆಮೇಲೆ ತಿರುಗಿ ಒಂದು ಮಾತು ಕೇಳಿದ್ರು. ಸುಷ್ಮಿತಾ ನಂಗೆ ಹೇಳಿದ್ಲು, "ನಾಳೆ ನನ್ನ ಲಾರಿ ಬಂದು ನಿಂತಿರೋವಾಗ ಹಿಂಗೇ ಮೋಡ ಬಂದ್ರೆ ಏನ್ ಮಾಡ್ತೀರಿ ಅಂತಾರೆ ಅತ್ತೆ." ಹಂಗೇ ಕಿವಿ ಹತ್ರ ಬಂದು, "ಕೌಂಟ್ ಆನ್ ಅಸ್ ಅಂದುಬಿಡ್ರಿ, ಸಾಕು" ಅಂದ್ಲು.

ನಾಲಿಗೆ ತುದೀಲೇ ಇತ್ತು ಆ ಮಾತು. ಅಷ್ಟು ಕಷ್ಟಪಟ್ಟು ಕಲ್ತಿದ್ದು. ಆದ್ರೆ ಅಲ್ಲಿ ಕೊಟ್ರಮ್ಮ ತಲೆ ಮೇಲೆ ಕಟ್ಟು ಹೊತ್ತು ಓಡಿ ಬರ್ತಿದ್ಲು, ಅದನ್ನ ನೋಡ್ತಾ ಆ ಮಾತು ಆಡೋಕೆ ಆಗ್ಲಿಲ್ಲ.

"ನಾನು ಹೇಳ್ದಂಗೇ ಹೇಳು ಸುಷ್ಮಿತಾ. ಮೋಡ ಬಂದ್ರೆ ಮಿಷನ್ ನಿಲ್ಲಿಸ್ತೀವಿ. ಇವರನ್ನೆಲ್ಲ ಹೊಲಕ್ಕೆ ಕಳಿಸ್ತೀನಿ. ನಿಲ್ಲಿಸಿದ ತಕ್ಷಣ ನಿಮಗೆ ಫೋನ್ ಮಾಡಿ ಹೇಳ್ತೀವಿ, ಮುಚ್ಚಿಡಲ್ಲ. ಬೆಳೆ ಸೇರಿದ ಮೇಲೆ ಬಂದು ನಿಮ್ಮ ಚೀಲ ತುಂಬಿಯೇ ಮಲಗ್ತೀವಿ. ಕೊಟ್ರಮ್ಮನ ಸಾವೆ ನೆನೆಯೋಕೆ ಬಿಡೋರು ನಿಮ್ಮ ಅಕ್ಕಿನ ಕಾಯ್ತಾರೆ ಅಂತ ಹೆಂಗೆ ಅಂದ್ಕಂತೀರಿ?"

ಸುಷ್ಮಿತಾ ನನ್ನನ್ನೇ ನೋಡಿದ್ಲು. "ಅತ್ತೆ, ಹಿಂಗಂದ್ರೆ ಆರ್ಡರ್ ಹೋಗ್ತದೆ."

"ಹೋಗ್ಲಿ, ಹೇಳು."

ಆಗ ನಂಗೆ ಒಳಗೊಳಗೇ ದಿಗಿಲಾಯ್ತು ನೋಡ್ರಿ. ಇವಳು ಇದನ್ನ ನಯ ಮಾಡಿ, ಸಿಹಿ ಸವರಿ, ಬೇರೇನೋ ಹೇಳಿದ್ರೆ? ಇವಳಿಗೆ ಒಪ್ಪಿಗೆ ಇಲ್ಲ, ಆರ್ಡರ್ ಬೇಕು, ನಂಗೂ ಬೇಕು. ಎರಡು ಮಾತು ತಿರುಗಿಸಿದ್ರೆ ಯಾರಿಗೆ ಗೊತ್ತಾಗ್ತದೆ? ಊರಿಗೆಲ್ಲ ಜೋರು ಮಾಡೋ ನನ್ನ ಬಾಯಿ ಆ ಹೊತ್ತಿನಾಗೆ ಅವಳತ್ರ ಇತ್ತು. ಕಿವಿ ನೆಟ್ಟಗೆ ಮಾಡ್ಕಂಡು ಕೇಳಿದೆ. ಅಷ್ಟಿಷ್ಟು ಕಲ್ತಿದ್ನಲ್ಲ, ಉಪಯೋಗಕ್ಕೆ ಬಂತು.

"ಯಸ್, ವಿ ವಿಲ್ ಸ್ಟಾಪ್ ದ ಮಷೀನ್" ಅಂತ ಶುರು ಮಾಡಿದ್ಲು. ಸ್ಟಾಪ್ ಅಂತಲೇ ಅಂದ್ಲು. ಫೋನ್ ಅಂದ್ಲು. ಕೊಟ್ರಮ್ಮ ಅಂದ್ಲು, ಹೆಸರೂ ಬಿಡ್ಲಿಲ್ಲ. ಒಂದು ಮಾತು ನುಂಗಲಿಲ್ಲ, ಒಂದು ಮಾತು ಸೇರಿಸ್ಲಿಲ್ಲ. ಇಂಥ ಹುಡುಗಿನ ಮನೆಯಾಗಿಟ್ಕಂಡು ಯಾರ ಮೇಲೂ ಇಲ್ಲ ಅಂದಿದ್ನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಾಗೆ ದಪ್ಪ ಹನಿ ಬಿತ್ತು. ಬಣವೆ ಮೇಲೆ ಹೊದಿಸಿದ ತಾಡಪಾಲು ಗಾಳಿಗೆ ಪಟಪಟ ಅಂತ ಎದ್ದು ಹೋಯ್ತು. ಕೊಟ್ರಮ್ಮ ಯಾರು ಏನು ನೋಡ್ಲಿಲ್ಲ, ಹತ್ರ ನಿಂತಿದ್ದ ಮೇಡಮ್ ಕಡೆ ಕೈ ಮಾಡಿ, "ಏ ತಾಯಿ, ಆ ಮೂಲೆ ಹಿಡ್ಕಳೇ!" ಅಂತ ಕಿರುಚಿದ್ಲು. ಭಾಷೆ ಬೇಕೇನ್ರಿ ಅದಕ್ಕೆ? ಬಿಳಿ ಬೂಟು ಹೊಲದ ಮಣ್ಣಿನಾಗೆ ಹೂತ್ರೂ ಮೇಡಮ್ ಓಡಿ ಮೂಲೆ ಹಿಡಿದ್ರು. ನಾನು ಕಲ್ಲು ಹೊತ್ತು ಹಾಕಿದೆ, ಸುಷ್ಮಿತಾ ಹಗ್ಗ ಬಿಗಿದ್ಲು. ಮಳೆ ಧೋ ಅಂತ ಸುರೀತು, ಸಾವೆ ಒಂದು ಕಾಳೂ ನೆನೀಲಿಲ್ಲ.

ಮಳೆ ನಿಂತ ಮೇಲೆ ಕಾರಿನ ಹತ್ರ ಮೇಡಮ್ ತಲೆ ಒರೆಸ್ಕಂತಾ ಮಾತಾಡಿದ್ರು. ಸುಷ್ಮಿತಾ ಹೇಳಿದ್ಲು, "ಆ ದೊಡ್ಡ ಮಿಲ್ಲಿನೋರು ಯಾವತ್ತೂ ನಿಲ್ಲಿಸೋದೇ ಇಲ್ಲ ಅಂತ ಹೇಳಿದ್ರಂತೆ. ನಿಲ್ಲಿಸ್ತೀವಿ ಅಂತ ಹೇಳಿದೋರು ನೀವೊಬ್ಬರೇ ಅಂತೆ. ಆರ್ಡರ್ ನಮಗೇ ಅಂತೆ ಅತ್ತೆ! ಆದ್ರೆ ಒಂದು ಕೇಳ್ತಾರೆ. ಮಳೆ ಬಂದಾಗ ನೀವೂ ಹೊಲದಾಗಿರ್ತೀರಿ. ಆಗ ಯಾರಿಗೆ ಫೋನ್ ಮಾಡ್ಬೇಕು, ಯಾರ ಮಾತು ಕೊನೇ ಮಾತು ಅಂತ."

ಕೊನೇ ಮಾತು ಯಾವತ್ತಿದ್ರೂ ನಂದೇ. ಅದನ್ನ ಯಾರಿಗೂ ಕೊಟ್ಟೋಳಲ್ಲ ನಾನು. ಕನ್ನಡದಾಗೆ ಸೊಸೆ ಮುಖ ನೋಡಿ 'ಇನ್ನು ನಿನ್ನ ಮಾತೇ ಕೊನೇ ಮಾತು' ಅಂತ ಹೇಳೋಕೆ ಈ ಜನ್ಮದಾಗೆ ಆಗ್ತಿರ್ಲಿಲ್ಲ, ನಾಚಿಕೆ. ಇಂಗ್ಲಿಷಿನಾಗಾದ್ರೆ ಬೇರೆ ಯಾರೋ ಹೇಳ್ದಂಗೆ ಇರ್ತದೆ. ಸುಷ್ಮಿತಾ ಭುಜದ ಮೇಲೆ ಕೈ ಇಟ್ಟು ಮೇಡಮ್‌ಗೇ ಹೇಳಿದೆ.

"ದಿಸ್ ಗರ್ಲ್. ಶೀ ಸೇ, ಐ ಸೇ. ಸೇಮ್."

ಮೇಡಮ್ ತಲೆ ಆಡಿಸಿದ್ರು. ಸುಷ್ಮಿತಾ ಆ ಕಡೆ ತಿರುಗಿ ಒದ್ದೆ ಸೆರಗಿನಿಂದ ಮುಖ ಒರೆಸ್ಕಂಡ್ಲು. ಮಳೆ ನೀರೇ ಅಂತ ನಾನೂ ಅಂದ್ಕಂಡೆ.

ಮೇಡಮ್ ಮತ್ತೇನೋ ಕೇಳಿದ್ರು. "ಮೊದಲ್ನೇ ಲಾರಿ ಯಾವಾಗ ಕಳಿಸ್ತೀರಿ ಅಂತಾರೆ. ಏನ್ ಹೇಳ್ಲಿ ಅತ್ತೆ?"

"ನನ್ನ ಯಾಕೆ ಕೇಳ್ತೀಯೇ? ನಿನ್ನನ್ನ ಕೇಳಿದ್ದು."

ಅವಳು ಸ್ವಲ್ಪ ಹೊತ್ತು ಬಣವೆ ನೋಡಿದ್ಲು, ಹೆಣ್ಮಕ್ಕಳನ್ನ ನೋಡಿದ್ಲು. ಆಮೇಲೆ ಗಟ್ಟಿಯಾಗಿ, "ಬಿಫೋರ್ ದೀಪಾವಳಿ" ಅಂದ್ಲು.

ದೀಪಾವಳಿಗೆ ಉಳಿದಿದ್ದೇ ಕೆಲವೇ ವಾರ. ನಾನಾಗಿದ್ರೆ ಹಬ್ಬ ಕಳೆದು ಕಾರ್ತಿಕದ ಗೌರಿ ಹುಣ್ಣಿಮೆವರೆಗೂ ಎಳೀತಿದ್ದೆ. ಬಾಯಿಗೆ ಬಂತು, ತುಟಿವರೆಗೂ ಬಂತು. ಮೇಡಮ್ ಹೌದಾ ಅನ್ನೋ ಹಂಗೆ ನನ್ನ ಮುಖ ನೋಡಿದ್ರು. ಸುಷ್ಮಿತಾನೂ ನೋಡಿದ್ಲು. ನಾನು ಅವಳ ಕಡೆ ಕೈ ತೋರಿಸಿ, ಬಾಯಿ ಮುಚ್ಕಂಡು ನಿಂತೆ.