ನಿಜವಾದ ಆಟಕ್ಕೊಂದು ಸಹಿ

ಸತತವಾಗಿ ಏಳನೆಯ ಆಟ ಗೆದ್ದ ಮಂಗಳವಾರ ಕೋಚ್‌ಗೆ ಅನುಮಾನ ಹುಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಇವರು ಮಾತ್ರ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಅದನ್ನೇ ದುರುಗುಟ್ಟಿಕೊಂಡು ನೋಡಿದರು. ಇಪ್ಪತ್ತಾರು ವರ್ಷ ಶಾಲೆಯ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿ ನಿವೃತ್ತರಾದ ಮನುಷ್ಯ. ಗೆಲುವು ಇಷ್ಟು ಸಲೀಸಾಗಿ ಬರುವ ಪದಾರ್ಥವಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದು ವಿಡಿಯೊ ಗೇಮ್ ತಯಾರಿಸುವ ಕಚೇರಿ. ಹೊಸದೊಂದು ಬ್ಯಾಸ್ಕೆಟ್‌ಬಾಲ್ ಗೇಮ್ ಮಾಡುತ್ತಿದ್ದರು. ಕೋಚ್ ದಿನವೂ ಮಧ್ಯಾಹ್ನದವರೆಗೆ ಕೂತು, ಯಂತ್ರದ ತಂಡದ ವಿರುದ್ಧ ಆಡಿ, ಇದು ನಿಜವಾದ ಆಟದ ಹಾಗಿದೆಯೋ ಇಲ್ಲವೋ ಎಂದು ಹಾಳೆಯಲ್ಲಿ ಬರೆದುಕೊಡಬೇಕು. ಶುಕ್ರವಾರ ಕೊನೆಯ ಹಾಳೆಗೆ ಸಹಿ ಹಾಕಿದರೆ, ಕೋಚ್ ಪರೀಕ್ಷಿಸಿ ಒಪ್ಪಿದ ಆಟ ಎಂದು ಡಬ್ಬಿಯ ಮೇಲೆ ಅವರ ಫೋಟೊ ಸಮೇತ ಅಚ್ಚಾಗುತ್ತದೆ. ಅವರ ಕೈಕೆಳಗೆ ಆಡಿದ ಮುನ್ನೂರು ಹುಡುಗಿಯರು ಅದನ್ನು ನೋಡುತ್ತಾರೆ. ಈ ಮನುಷ್ಯ ಯಾರನ್ನೂ ಸುಮ್ಮನೆ ಹೊಗಳುವವನಲ್ಲ ಎಂಬ ಹೆಸರೊಂದನ್ನು ಬಿಟ್ಟರೆ ಕೋಚ್ ಬೇರೇನನ್ನೂ ಗಳಿಸಿರಲಿಲ್ಲ. ಅದೂ ಹೋದರೆ ಮತ್ತೇನು ಉಳಿಯಿತು?

ಗೇಮಿನ ಹದ ನೋಡುವವಳು ಗಿಡ್ಡಿ. ನೂರು ಎಸೆತದಲ್ಲಿ ಎಷ್ಟು ರಿಂಗಿನೊಳಗೆ ಬೀಳಬೇಕು, ಓಡುವವಳು ಎಷ್ಟು ಹೊತ್ತಿಗೆ ದಣಿಯಬೇಕು ಎಂದು ಅಂಕಿ ಕೂರಿಸುವುದು ಅವಳ ಕೆಲಸ. ತೀರಾ ನಿಜ ಮಾಡಿದರೆ ಆಡುವವರು ಬೇಸತ್ತು ಎದ್ದು ಹೋಗುತ್ತಾರೆ, ತೀರಾ ಸಲೀಸು ಮಾಡಿದರೆ ಇದೇನು ಮಕ್ಕಳಾಟ ಎಂದು ಮೂಗು ಮುರಿಯುತ್ತಾರೆ. ಗಿಡ್ಡಿ ಎಂಬ ಹೆಸರಿಟ್ಟವರು ಕೋಚೇ. ಒಂಬತ್ತು ವರ್ಷದ ಹಿಂದೆ, ಪಂದ್ಯಗಳು ಅರ್ಧ ಮುಗಿದಿದ್ದಾಗ ಅವಳನ್ನು ಶಾಲೆಯ ತಂಡದಿಂದ ಕೈಬಿಟ್ಟವರೂ ಅವರೇ. ಆ ಜಾಗಕ್ಕೆ ಕೊಕ್ಕರೆ ಎಂಬ ಅಡ್ಡಹೆಸರಿನ, ಉದ್ದ ಕಾಲಿನ ಹುಡುಗಿ ಬಂದಿದ್ದಳು. ಈಗ ಕೋಚ್‌ಗೆ ಈ ಕೆಲಸ ಕೊಡಿಸಿದವಳು ಗಿಡ್ಡಿ. ಒಳ್ಳೆಯ ಹುಡುಗಿ, ಹಳೆಯದನ್ನು ಹೊಟ್ಟೆಗೆ ಹಾಕಿಕೊಂಡಿದ್ದಾಳೆ ಎಂದುಕೊಂಡು ಅವರು ಸೇರಿಕೊಂಡಿದ್ದರು.

ಈಗ ತಲೆಯೊಳಗೆ ಹುಳ ಹೊಕ್ಕಿತು. ತಾವು ಆಡುವಾಗ ಗಿಡ್ಡಿ ಪರದೆಯನ್ನು ನೋಡದೆ ತಮ್ಮ ಮುಖವನ್ನೇ ನೋಡುತ್ತಾಳೆ. ಏನೋ ಸಣ್ಣ ಪುಸ್ತಕದಲ್ಲಿ ಗೀಚಿಕೊಳ್ಳುತ್ತಾಳೆ. ಕಚೇರಿಯ ಯಜಮಾನನ ಜೊತೆ ಪಿಸುಗುಟ್ಟುತ್ತಿದ್ದವಳು ತಾವು ಹತ್ತಿರ ಹೋದ ಕೂಡಲೇ ಚಹಾ ತರಲಾ ಸರ್ ಎನ್ನುತ್ತಾಳೆ. ಸುಳ್ಳು ಆಟಕ್ಕೆ ತಮ್ಮಿಂದ ಸಹಿ ಹಾಕಿಸಿ, ಮುನ್ನೂರು ಜನರ ಎದುರು ಮಂಗ ಮಾಡಿ, ಹಳೆಯ ಸೇಡು ತೀರಿಸಿಕೊಳ್ಳುವ ಹುನ್ನಾರ ಇದ್ದರೂ ಇರಬಹುದು.

ಮನೆಯಲ್ಲಿ ಹೆಂಡತಿಗೆ ಹೇಳಿದರು. ಗೆದ್ದೆ ಎಂದು ಗೋಳಾಡುವವರನ್ನು ಈಗಲೇ ಕಂಡದ್ದು ಎಂದು ಆಕೆ ನಕ್ಕು, ಅವಳನ್ನೇ ನೇರ ಕೇಳಬಾರದೇ ಎಂದರು. ಕೇಳಿದರೆ ಎಚ್ಚರಗೊಳ್ಳುತ್ತಾಳೆ ಎಂದು ಕೋಚ್ ಅಡ್ಡಡ್ಡ ತಲೆಯಾಡಿಸಿದರು. ಅನುಮಾನ ಹಿಡಿದ ಗಂಡಸಿಗೆ ಬುದ್ಧಿ ಹೇಳಿ ಗೆದ್ದ ಹೆಂಡತಿಯರು ಕಡಿಮೆ. ಆಕೆ ದೀಪ ಆರಿಸಿ ಮಲಗಿದರು.

ಬುಧವಾರ ಕೋಚ್ ತಮ್ಮ ಹಳೆಯ ವಿದ್ಯೆ ಹೊರತೆಗೆದರು. ಮೈದಾನದ ಚಿತ್ರ ಬರೆದು, ಒಳಗೆ ಬಿದ್ದ ಎಸೆತಕ್ಕೆ ಸೊನ್ನೆ, ತಪ್ಪಿದ್ದಕ್ಕೆ ಕತ್ತರಿ ಗುರುತು. ಕಲಿಸುತ್ತಿದ್ದ ಕಾಲದಲ್ಲಿ ಪ್ರತಿ ಪಂದ್ಯಕ್ಕೂ ಇಂಥದೊಂದು ಹಾಳೆಯನ್ನು, ಪ್ರತಿ ಗುರುತಿನ ಪಕ್ಕ ಎಸೆದವಳ ಹೆಸರು ಸಮೇತ, ತುಂಬುತ್ತಿದ್ದರು. ತುಂಬಿ, ಪೆಟ್ಟಿಗೆಯಲ್ಲಿ ಹಾಕುತ್ತಿದ್ದರು. ಕೂಡಿಸುವುದು ಗುಮಾಸ್ತರ ಕೆಲಸ, ಕೋಚ್‌ಗೆ ಕಣ್ಣು ಸಾಕು ಎನ್ನುತ್ತಿದ್ದರು. ಆ ಪೆಟ್ಟಿಗೆ ಈಗ ಇದೇ ಕಚೇರಿಯ ಮೂಲೆಯಲ್ಲಿತ್ತು, ಗೇಮಿಗೆ ನಿಜವಾದ ಅಂಕಿ ಬೇಕೆಂದು ಗಿಡ್ಡಿ ತರಿಸಿದ್ದಳು.

ಎರಡು ದಿನ ಕರವಸ್ತ್ರದ ಮರೆಯಲ್ಲಿ ಗುರುತು ಹಾಕಿಕೊಂಡರು, ಈ ಸಲ ಕೂಡಿಸಿದರು ಕೂಡ. ತಾವು ಮುಂದಿದ್ದಾಗ ದೂರದಿಂದ ಎಸೆದ ನಲವತ್ತರಲ್ಲಿ ಹನ್ನೆರಡು ಬಿದ್ದಿತ್ತು. ಹಿಂದೆ ಬಿದ್ದಾಗ ನಲವತ್ತಕ್ಕೆ ಇಪ್ಪತ್ತಮೂರು. ಗಿಡ್ಡಿ ಊಟಕ್ಕೆ ಹೋದಾಗ ಅವಳ ಯಂತ್ರದಲ್ಲಿ ಕೂತು ಆಡಿದರೆ, ಹಿಂದೆ ಬಿದ್ದರೂ ನಲವತ್ತಕ್ಕೆ ಹದಿಮೂರೇ. ಕಳ್ಳತನ ತಮ್ಮ ಕುರ್ಚಿಯ ಎದುರಿನಲ್ಲೇ ನಡೆಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಸಹಿಯ ಹಾಳೆಯ ಪಕ್ಕದಲ್ಲಿ ತಮ್ಮ ಗುರುತಿನ ಹಾಳೆ ಇಟ್ಟರು.

"ಏನಿದು?"

ಗಿಡ್ಡಿ ಎರಡನ್ನೂ ನೋಡಿದಳು. ಅಲ್ಲವೆನ್ನಲಿಲ್ಲ. ಹೊಸಬರು ಎಂಟು ಅಂಕ ಹಿಂದೆ ಬಿದ್ದರೆ ಚೆಂಡಿಗೆ ತುಸು ದಯೆ ತೋರಿಸುವ ವ್ಯವಸ್ಥೆ ಗೇಮಿನಲ್ಲಿದೆ, ಅದನ್ನು ಮೂರನೆಯ ವಾರ ನಿಮ್ಮ ಯಂತ್ರದಲ್ಲಿ ಹಾಕಿದೆ ಎಂದಳು. ಮೊದಲ ಎರಡು ವಾರ ಇದ್ದದ್ದು ಪೆಟ್ಟಿಗೆಯ ಹಾಳೆಗಳಿಂದ ತೆಗೆದ ಅಂಕಿ, ದೂರದ ನೂರು ಎಸೆತಕ್ಕೆ ಮೂವತ್ತೊಂದು. ಅದನ್ನು ಕೋಚ್ ಸುಳ್ಳು ಎಂದು ಬರೆದಿದ್ದರು. ಚೆಂಡಿನ ವೇಗ ಬದಲಿಸಿದರೂ ಸುಳ್ಳು, ದಣಿವು ಕಡಿಮೆ ಮಾಡಿದರೂ ಸುಳ್ಳು. ಕೋಚ್ ಒಪ್ಪುವ ತನಕ ಹದ ಮಾಡು ಎಂದು ಯಜಮಾನ ಬೆನ್ನು ಬಿದ್ದಿದ್ದ. ದಯೆ ಹಾಕಿದ ದಿನವೇ ಕೋಚ್ ಬರೆದದ್ದು: ಈಗ ನಿಜವಾದ ಆಟ.

"ಸಹಿಗೆ ಮುಂಚೆ ಹೇಳ್ತಿದ್ದೆ ಸರ್," ಎಂದಳು. ಹೇಳುತ್ತಿದ್ದಳೋ ಇಲ್ಲವೋ, ಕೋಚ್‌ಗೆ ಇವತ್ತಿಗೂ ಖಾತ್ರಿಯಿಲ್ಲ.

"ಮೂವತ್ತೊಂದು ಅನ್ನೋದೇ ಸುಳ್ಳು. ನನ್ ಹುಡುಗೀರು ಅರ್ಧಕ್ಕರ್ಧ ಹಾಕ್ತಿದ್ರು."

ಮೊದಲ ವಾರವೂ ನೀವು ಇದನ್ನೇ ಹೇಳಿದಿರಿ ಎಂದು ಗಿಡ್ಡಿ ತಣ್ಣಗೆ ಹೇಳಿದಳು. ಹಾಳೆಗಳನ್ನು ಕೂಡಿಸಿದವರು ಯಾರು ಎಂದು ಕೋಚ್ ಕೇಳಿದರು. ಅವಳೇ, ಒಬ್ಬಳೇ. ಹಾಗಾದರೆ ಕೈಚಳಕ ತೋರಿಸಿರುತ್ತಾಳೆ ಎಂದು ಅವರಿಗೆ ಕಡ್ಡಿ ಮುರಿದಂತೆ ಸ್ಪಷ್ಟವಾಯಿತು. ಎಲ್ಲ ಲೆಕ್ಕ ತೋರಿಸು ಎಂದರು.

ಪರದೆಯ ಮೇಲೆ ವರ್ಷಗಳು ಸಾಲಾಗಿ ಬಂದವು. ಅಲ್ಲೊಂದು ಇಲ್ಲೊಂದು ಪಂದ್ಯ ಆರಿಸಿ, ಪೆಟ್ಟಿಗೆಯಿಂದ ಹಾಳೆ ತೆಗೆದು ಬೆರಳಿಟ್ಟು ಎಣಿಸಿದರು. ಎಲ್ಲವೂ ತಾಳೆಯಾಯಿತು. ಒಂಬತ್ತು ವರ್ಷದ ಹಿಂದಿನ ಸಾಲಿಗೆ ಬರುವಾಗ ಗಿಡ್ಡಿಯ ಕೈ ಅಡ್ಡ ಬಂತು.

"ಆ ವರ್ಷ ಬೇಡ ಸರ್."

ಅಷ್ಟು ಸಾಕಾಯಿತು. ತನ್ನದನ್ನು ಏರಿಸಿಕೊಂಡಿದ್ದಾಳೆ! ಕೋಚ್ ಪರದೆಯನ್ನು ನೋಡಲೇ ಇಲ್ಲ. ಆ ವರ್ಷದ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರವಿ, ಕನ್ನಡಕ ಏರಿಸಿ, ಕೂಡಿಸಲು ಕೂತರು. ತಮ್ಮದೇ ಕೈ, ತಮ್ಮದೇ ಶಾಯಿ, ತಮ್ಮದೇ ಸೊನ್ನೆ, ತಮ್ಮದೇ ಕತ್ತರಿ. ಇದನ್ನು ತಿದ್ದಲು ಯಾರಿಂದಲೂ ಸಾಧ್ಯವಿರಲಿಲ್ಲ. ಒಂದು ಗಂಟೆ ಹಿಡಿಯಿತು. ಎರಡನೆಯ ಸಲ ಎಣಿಸಲು ಇನ್ನೊಂದು ಗಂಟೆ.

ಗಿಡ್ಡಿ, ನೂರಕ್ಕೆ ಮೂವತ್ತೇಳು. ಕೊಕ್ಕರೆ, ಇಪ್ಪತ್ತೊಂಬತ್ತು.

ಕೋಚ್ ಪೆನ್ನು ಕೆಳಗಿಟ್ಟರು. ಕೊಕ್ಕರೆ ನೆಗೆದು ಎಸೆಯುತ್ತಿದ್ದುದು ಅವರ ಕಣ್ಣಿಗೆ ಕಟ್ಟಿದಂತಿತ್ತು. ನೆನಪಿನಲ್ಲಿ ಅವಳ ಒಂದು ಚೆಂಡೂ ತಪ್ಪುತ್ತಿರಲಿಲ್ಲ. ಗಿಡ್ಡಿ ಎಸೆಯುತ್ತಿದ್ದುದು ಹೇಗೆಂದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅವರಿಗೆ ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ.

"ಕೊಕ್ಕರೆ ಎಸೆದ್ರೆ ನೋಡೋಕೆ ಚೆಂದ ಇರ್ತಿತ್ತು ಸರ್," ಗಿಡ್ಡಿ ಎಂದಳು. "ಗೇಮ್ ಆಡೋರಿಗೂ ಅದೇ ಬೇಕು. ಅದೇನೂ ತಪ್ಪಲ್ಲ."

"ಸಿಟ್ಟು ತೀರಿಸ್ಕೊಂಡ್ಯಾ?"

ಅವಳು ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದವಳು ನಿಲ್ಲಿಸಿದಳು.

"ಸಿಟ್ಟಿತ್ತು ಸರ್. ಆದ್ರೆ ಇದನ್ನ ಕೂಡಿಸೋವಾಗ ಕೊಕ್ಕರೆದೇ ಜಾಸ್ತಿ ಬರ್ಲಿ ಅಂತ ಬೇಡ್ಕೊಂಡೆ. ನಿಮ್ಮ ಕಣ್ಣು ಸರಿಯಾಗಿತ್ತು ಅಂತಾದ್ರೆ ನೆಮ್ಮದಿಯಾಗಿ ನನ್ನ ಪಾಡಿಗೆ ನಾನು ಇರ್ತಿದ್ದೆ."

ಕೋಚ್ ಎದ್ದು ತಮ್ಮ ಕುರ್ಚಿಗೆ ಹೋದರು. ಆಮೇಲೆ ತಮ್ಮ ಯಂತ್ರದಲ್ಲಿನ ದಯೆಯನ್ನು ತೆಗೆಸಿ ಒಂದು ಆಟ ಆಡಿದರು. ಹದಿನಾಲ್ಕು ಅಂಕದಿಂದ ಸೋತರು. ತಪ್ಪಿದ ಒಂದೊಂದು ಚೆಂಡೂ ಈಗಲೂ ಸುಳ್ಳೆನ್ನಿಸುತ್ತಿತ್ತು. ಆದರೂ ಹಾಳೆಯಲ್ಲಿ ಬರೆದರು: ಮೂವತ್ತೊಂದೇ ನಿಜ. ಹೊಸಬರಿಗೆ ದಯೆ ಇರಲಿ, ಆದರೆ ಇದೆ ಎಂದು ಅವರಿಗೆ ಹೇಳಬೇಕು. ಹೇಳದಿದ್ದರೆ ನನ್ನ ಫೋಟೊ ಬೇಡ. ಯಜಮಾನ ಇದನ್ನು ಓದಿ ಹಾರಾಡುತ್ತಾನೆಂದು ಗೊತ್ತಿದ್ದೂ ಕೆಳಗೆ ಸಹಿ ಹಾಕಿ, ಗಿಡ್ಡಿಯ ಕಡೆ ಚಾಚಿದರು. ಅವಳು ಹಿಡಿದರೂ ಅವರು ಬಿಡಲಿಲ್ಲ.

"ನೀನು ತಂಡದಲ್ಲಿ ಇರ್ಬೇಕಾಗಿತ್ತು."

"ಗೊತ್ತು ಸರ್," ಎಂದು ಗಿಡ್ಡಿ ಹಾಳೆ ತೆಗೆದುಕೊಂಡಳು.