ಗೌರೀಶಂಕರನ ಪಾಲಿನ ಸ್ವರ

ಮದುವೆ ಬ್ಯಾಂಡಿನ ಗೌರೀಶಂಕರ ಕಾರ್ನೆಟ್ ತುತ್ತೂರಿಯನ್ನು ತುಟಿಯಿಂದ ತೆಗೆದು ಬಗ್ಗಿಸಿ, ಕೊಳವೆಯೊಳಗೆ ನಿಂತಿದ್ದ ಉಸಿರಿನ ನೀರನ್ನು ಹಿತ್ತಿಲ ಕಲ್ಲಿನ ಮೇಲೆ ಚೆಲ್ಲಿದ. ಪಾತ್ರೆ ಬೆಳಗುತ್ತಿದ್ದ ಹೆಂಡತಿ ನೀಲಾಂಬಿಕೆಯ ಕೈ ಅಲ್ಲೇ ನಿಂತಿತು. ಆ ನೀರು ಕೆಂಪಗಿತ್ತು.

ಅವನು ಕಾಲಿನಿಂದ ಮಣ್ಣೆಳೆದು ಅದನ್ನು ಮುಚ್ಚಿದ.

"ಯಾರ್ಗೂ ಯೋಳ್ಬ್ಯಾಡ. ಕ್ಷಯದೋನು ಅಂತ ಗೊತ್ತಾದ್ರೆ ಮದ್ವೆ ಮನೆ ಚಪ್ರದೊಳೀಕೆ ಯಾರು ಬಿಟ್ಕತಾರೆ?"

"ಆಸ್ಪತ್ರೆಗಾದ್ರೂ ಓಗ್ಬನ್ನಿ ಅಂದ್ರೆ..."

"ಓಗಿದ್ದೆ. ಊದ್ಬ್ಯಾಡ ಅಂದ್ರು. ಊದ್ದೆ ಇನ್ನೇನ್ಮಾಡ್ಲಿ, ಯೋಳು?"

ತನಗೆ ತಿಳಿಸದೆ ಆಸ್ಪತ್ರೆಗೆ ಹೋಗಿಬಂದಿದ್ದಾನೆ ಎಂದರೆ ಇದು ಇವತ್ತಿನದಲ್ಲ. ನೀಲಾಂಬಿಕೆ ಕೈಯಲ್ಲಿದ್ದ ಪಾತ್ರೆಯನ್ನು ಮತ್ತೆ ಬೆಳಗತೊಡಗಿದಳು.

ಅವನು ಅಭ್ಯಾಸ ಮಾಡುತ್ತಿದ್ದದ್ದು ಮದುವೆಯ ಹಾಡಲ್ಲ. ಹಾಸನದ ಪೇಟೆಯಲ್ಲಿ ಬೂಟಿನ ಅಂಗಡಿ ನೋಡಿಕೊಳ್ಳಲು ಜೆಕ್ ದೇಶದಿಂದ ಬಂದಿದ್ದ ವಾತ್ಸ್ಲಾವ್ ಬರೆದದ್ದು. ಊರಿನವರ ಬಾಯಲ್ಲಿ ಅವನು ವಾಸುದೊರೆ. ಜರ್ಮನಿಯವರು ಅವನ ದೇಶವನ್ನು ನುಂಗಿದ ಮೇಲೆ ತಿರುಗಿ ಹೋಗಲು ಅವನಿಗೆ ಊರೇ ಇರಲಿಲ್ಲ. ಒಂದು ದಿನ ಮೆರವಣಿಗೆಯಲ್ಲಿ ಗೌರೀಶಂಕರನ ಕಾರ್ನೆಟ್ ಕೇಳಿದವನು, ಗಿರಾಕಿಯ ಬೂಟು ಕೈಯಲ್ಲಿ ಹಿಡಿದೇ ಬೀದಿಗಿಳಿದು ಮದುಮಗನ ಮನೆಯ ತನಕ ನಡೆದಿದ್ದ. ಆಮೇಲೆ ಬ್ಯಾಂಡಿನ ನಾಲ್ವರಿಗೆಂದೇ ಈ ಸಂಗೀತ ಬರೆದ: ಎರಡು ಕಾರ್ನೆಟ್, ಒಂದು ಟ್ರಂಬೋನ್, ರಾಮಣ್ಣ ಊದುವ ತಗ್ಗು ದನಿಯ ದಪ್ಪ ಯೂಫೋನಿಯಂ. ಯುದ್ಧದ ನಿಧಿಗಾಗಿ ಕ್ಲಬ್ಬಿನಲ್ಲಿ ನುಡಿಸುವುದೆಂದು ಗೊತ್ತಾಗಿತ್ತು.

ನಾಲ್ವರೂ ಹಿತ್ತಿಲಲ್ಲಿ ಕೂತು ನುಡಿಸಿದ್ದನ್ನು ಮೊದಲ ಸಲ ಕೇಳಿದಾಗ ನೀಲಾಂಬಿಕೆಗೆ ಇಕ್ಕಟ್ಟಿನ ಓಣಿಯಲ್ಲಿ ದನಗಳು ನುಗ್ಗಿ ಕೊಂಬಿಗೆ ಕೊಂಬು ತಾಗಿಸಿಕೊಂಡಂತೆ ಅನಿಸಿತ್ತು. ಕೇಳುತ್ತ ಕೇಳುತ್ತ ಆ ತಿಕ್ಕಾಟವೇ ರೂಢಿಯಾಗಿ, ಒಲೆಯ ಮುಂದೆ ತಾನೂ ಗುನುಗುತ್ತಿದ್ದಳು. ಕೊನೆಯ ಭಾಗವೊಂದೇ ಅವಳನ್ನು ಕೊಲ್ಲುತ್ತಿದ್ದದ್ದು. ಅಲ್ಲಿ ಉಳಿದ ಮೂವರೂ ನಿಲ್ಲಿಸುತ್ತಾರೆ. ಗೌರೀಶಂಕರನೊಬ್ಬನೇ ಒಂದೇ ಸ್ವರವನ್ನು ಎದೆ ಬರಿದಾಗುವ ತನಕ ಹಿಡಿಯಬೇಕು. ಅವನ ಕತ್ತಿನ ನರ ಉಬ್ಬುವುದನ್ನು ನೋಡಲಾರದೆ ಅವಳು ಒಳಗೆ ಹೋಗಿ ನಿಲ್ಲುತ್ತಿದ್ದಳು.

ಅಂದು ಮಧ್ಯಾಹ್ನ ಗಂಡ ಮಲಗಿದ್ದಾಗ ಸೆರಗು ಹೊದ್ದು ಬೂಟಿನ ಅಂಗಡಿಗೆ ಹೋದಳು. ಯಾರಾದರೂ ಕಂಡರೆ ಏನೆಂದಾರು, ಗಂಡನಿಗೆ ತಿಳಿದರೆ ಏನಾದೀತು ಎಂದು ಸಂದಿಗೊಂದಿ ಬಳಸಿಯೇ ನಡೆದಿದ್ದಳು.

"ಸಾ, ನಮ್ಮೋರಿಗೆ ಎದೇಲಿ ರಕ್ತ," ಎಂದಳು.

ದೊರೆಗೆ ಕನ್ನಡ ಅಷ್ಟಕ್ಕಷ್ಟೆ. ಆದರೆ ಆ ಮಾತು ತಿಳಿಯಿತು.

"ಬೇಡ. ಎಲ್ಲ ನಿಲ್ಲಿಸುತ್ತೇನೆ," ಎಂದ.

"ನಿಲ್ಲಿಸ್ಬ್ಯಾಡಿ ಸಾ! ನಿಲ್ಸಿದ್ರೆ ಅದ್ರಲ್ಲೇ ಸತ್ತೋಯ್ತಾರೆ. ಅವ್ರ ಉಸ್ರು ಉಳಿಯೋ ಅಂಗೆ ಏನಾರ ಮಾಡಿ. ನಾನು ಬಂದಿದ್ದು ಮಾತ್ರ ಗೊತ್ತಾಗ್ಕೂಡ್ದು."

ದೊರೆ ಮೇಜಿನ ಮೇಲಿದ್ದ ಸ್ವರದ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡ. "ಆ ಸ್ವರ... ಗೌರೀಶಂಕರ ಊದಿದ್ದು ಕೇಳಿ ಬರೆದೆ," ಎಂದ.

ಮರುದಿನ ದೊರೆಯ ಅಂಗಡಿಯಲ್ಲಿ ನಡೆದ ಅಭ್ಯಾಸದಲ್ಲಿ ಕೊನೆ ಬದಲಾಗಿತ್ತು. ಉದ್ದದ ಸ್ವರ ರಾಮಣ್ಣನ ಪಾಲಾಗಿತ್ತು. ಗೌರೀಶಂಕರ ಮನೆಗೆ ಬಂದವನು ಕಾರ್ನೆಟ್ಟನ್ನು ಮೂಲೆಗಿಟ್ಟು ಊಟಕ್ಕೆ ಕುಳಿತ. ಬೈದಿದ್ದರೂ, ಎರಡೇಟು ಹೊಡೆದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ತಟ್ಟೆಯ ಮುಂದೆ ಕುಳಿತು ಮುದ್ದೆ ಮುರಿಯುವ ಆ ಮೌನಕ್ಕೆ ಅವಳ ಜೀವ ಹಿಡಿಯಷ್ಟಾಯಿತು.

ಕಾರ್ಯಕ್ರಮದ ಸಂಜೆ ಕೆಂಪು ಕೋಟು ತೊಡುತ್ತ ಅವನು ಕೇಳಿದ: "ದೊರೆ ಹತ್ರ ಓಗಿದ್ದೆ, ಅಲ್ವಾ?"

ಅವಳು ಅವನ ಕೋಟಿನ ಕಾಲರನ್ನು ಸರಿಪಡಿಸತೊಡಗಿದಳು.

"ಗುಂಡಿ ಆಕು," ಎಂದು ಎದೆಯೊಡ್ಡಿ ನಿಂತ. ಗುಂಡಿ ತೂತಿಗೆ ಹೋಗಲೊಲ್ಲದು. ಅವಳು ಎಲ್ಲ ಗುಂಡಿ ಹಾಕಿ ಮುಗಿಸುವ ತನಕ ಅವನು ಕದಲದೆ ನಿಂತಿದ್ದ.

ಕ್ಲಬ್ಬಿನಲ್ಲಿ ಅಧಿಕಾರಿಗಳು, ಕಾಫಿ ತೋಟದ ದೊರೆಗಳು. ನೀಲಾಂಬಿಕೆ ಹೊರಗೆ, ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಸಂಗೀತ ಶುರುವಾದಾಗ ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಬರಬರುತ್ತ ನಗು ನಿಂತಿತು. ಗೌರೀಶಂಕರ ತನ್ನ ಭಾಗವನ್ನೆಲ್ಲ ಚೆನ್ನಾಗಿಯೇ ನುಡಿಸಿದ, ಎಲ್ಲಿಯೂ ಕೆಮ್ಮಲಿಲ್ಲ. ಕೊನೆ ಬಂತು. ಮೂವರು ನಿಲ್ಲಿಸಿದರು. ರಾಮಣ್ಣನ ಯೂಫೋನಿಯಂ ತಗ್ಗಿನಲ್ಲಿ ಆ ಸ್ವರವನ್ನು ಎತ್ತಿಕೊಂಡಿತು.

ಆಗ ತೊಡೆಯ ಮೇಲಿದ್ದ ಕಾರ್ನೆಟ್ಟನ್ನು ಗೌರೀಶಂಕರ ಮತ್ತೆ ತುಟಿಗಿಟ್ಟ.

"ಬ್ಯಾಡಿ..." ಎಂದಳು. ಯಾರಿಗೂ ಕೇಳಿಸಲಿಲ್ಲ. ಸರಳು ಅಂಗೈಗೆ ಒತ್ತಿತು. ಅವನ ಕೆನ್ನೆ ಈಗ ಉಬ್ಬುತ್ತದೆ, ಈಗ ಉಬ್ಬುತ್ತದೆ ಎಂದು ಕಣ್ಣೆವೆ ಮಿಟುಕಿಸದೆ ನೋಡಿದಳು.

ಕೆನ್ನೆ ಉಬ್ಬಲಿಲ್ಲ. ಕತ್ತಿನ ನರ ಏಳಲಿಲ್ಲ. ಅವನು ಊದುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ನಡುಬೆರಳಿನಿಂದ ಕಾರ್ನೆಟ್ಟಿನ ಆ ಸ್ವರದ ಗುಂಡಿಯನ್ನು ಮಾತ್ರ ಒತ್ತಿ ಹಿಡಿದಿದ್ದ.

ರಾಮಣ್ಣನ ಉಸಿರು ಮುಗಿಯಿತು. ಚಪ್ಪಾಳೆ ಎದ್ದಿತು. ಗೌರೀಶಂಕರನ ಬೆರಳು ಆಗಲೂ ಏಳಲಿಲ್ಲ.